ಹೈಡ್ರೋಜನ್ ಇಂಧನ: ದಾವಣಗೆರೆ, ಚಿತ್ರದುರ್ಗ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಾರಿ ಮಾಲೀಕರು, ಗ್ಯಾರೇಜಿನವರು, ಮಂಡಕ್ಕಿ ಭಟ್ಟಿಯವರು, ಮೆಕ್ಕೆಜೋಳ ಬೆಳೆಯುವ ರೈತರು, ಎಂಜಿನಿಯರಿಂಗ್ ಓದುವ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಮೊದಲಿನವು ಸರಳ, ಕೆಳಗಿಳಿದಂತೆ ಲೆಕ್ಕ ಹೆಚ್ಚು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಬುಡದ ಪ್ರಶ್ನೆಗಳು

ಹೈಡ್ರೋಜನ್ ಎಲ್ಲಿ ಸಿಗುತ್ತೆ? ಬೋರ್ ಕೊರೆದಂಗೆ ಕೊರೆದು ತೆಗೀಬಹುದಾ?

ನೆಲದಡಿ ಸಹಜವಾಗಿ ಸಿಗುವ ಹೈಡ್ರೋಜನ್ ಇಲ್ಲವೆಂದೇನಲ್ಲ. ಆಫ್ರಿಕಾದ ಮಾಲಿ ದೇಶದ ಒಂದು ಹಳ್ಳಿಯಲ್ಲಿ ಬಾವಿಯಿಂದ ಬಂದ ಹೈಡ್ರೋಜನ್ನಿನಲ್ಲಿ ಕರೆಂಟು ತೆಗೆದಿದ್ದಾರೆ. ಆದರೆ ಲೋಕ ಇವತ್ತು ಬಳಸುವುದು ಹೆಚ್ಚುಕಡಿಮೆ ಪೂರ್ತಿ ಕಾರ್ಖಾನೆಯಲ್ಲಿ ಮಾಡಿದ್ದು. ಬಹುಪಾಲನ್ನು ನೈಸರ್ಗಿಕ ಅನಿಲ ಮತ್ತು ಹಬೆಯನ್ನು 800 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ತೆಗೆಯುತ್ತಾರೆ, 1 ಕೆ.ಜಿ. ಹೈಡ್ರೋಜನ್ನಿಗೆ 9ರಿಂದ 10 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗಾಳಿ, ಬಿಸಿಲಿನ ಕರೆಂಟನ್ನು ನೀರಿಗೆ ಹಾಯಿಸಿ ತೆಗೆದದ್ದು ಹಸಿರು ಹೈಡ್ರೋಜನ್. ಕೇಂದ್ರ ಸರ್ಕಾರ 2023ರಲ್ಲಿ ಗೊತ್ತುಮಾಡಿದ ಮಾನದಂಡದಂತೆ, 1 ಕೆ.ಜಿ.ಗೆ 2 ಕೆ.ಜಿ. ಮೀರದಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಮಾತ್ರ ಅದಕ್ಕೆ ಆ ಹೆಸರು. ಬೇರೆ ಕಡೆ ಹುಟ್ಟಿದ ಶಕ್ತಿಯನ್ನು ಹೊತ್ತು ತರುವ ಪಾತ್ರೆ ಇದು ಎಂದು ಹಿಡಿದರೆ ಮುಂದಿನ ಉತ್ತರಗಳು ಸಲೀಸಾಗುತ್ತವೆ.

ನೀರಿನಿಂದ ಗಾಡಿ ಓಡಿಸೋ ಕಿಟ್ ಹಾಕಿಸ್ಲಾ? ಮೈಲೇಜು ಜಾಸ್ತಿ ಬರುತ್ತಂತಲ್ಲ.

ಬೇಡ. ಕಿಟ್ಟಿನ ಡಬ್ಬಿ ಬ್ಯಾಟರಿಯಿಂದ 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಒಳಗೆ ಆರು ಸೆಲ್ ಸಾಲಾಗಿದ್ದರೆ ಒಂದು ಗಂಟೆಗೆ ಹುಟ್ಟುವ ಹೈಡ್ರೋಜನ್ ಸುಮಾರು 4.5 ಗ್ರಾಂ. ಅದರಲ್ಲಿರುವುದು 15 ಮಿ.ಲೀ. ಡೀಸೆಲ್ಲಿನಷ್ಟು ಶಕ್ತಿ, ಒಂದು ದೊಡ್ಡ ಚಮಚ. ಅತ್ತ ಆ 240 ವ್ಯಾಟ್ ಕರೆಂಟು ಬರುವುದು ಆಲ್ಟರ್ನೇಟರಿನಿಂದ, ಆಲ್ಟರ್ನೇಟರ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ದಕ್ಷತೆ ಶೇ. 30, ಆಲ್ಟರ್ನೇಟರಿನದು ಶೇ. 60 ಎಂದು ಹಿಡಿದರೆ ಅದೇ ಗಂಟೆಯಲ್ಲಿ ಸುಡುವ ಡೀಸೆಲ್ 130 ಮಿ.ಲೀ. ದಾಟುತ್ತದೆ. 130 ಕೊಟ್ಟು 15 ಪಡೆದಂತೆ. ಅದೂ ಸಾಲದೆಂಬಂತೆ ಆ ಡಬ್ಬಿಯಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕ ಒಟ್ಟಿಗೇ ಸೇರಿಕೊಂಡಿರುತ್ತವೆ. ಎಂಜಿನ್ನಿನಿಂದ ಉರಿ ಹಿಂದಕ್ಕೆ ಹಾರಿದರೆ ಡಬ್ಬಿಯೇ ಸಿಡಿಯುತ್ತದೆ.

ಕೆ.ಜಿ. ಲೆಕ್ಕದಲ್ಲಿ ಡೀಸೆಲ್‌ಗಿಂತ ಮೂರು ಪಟ್ಟು ಶಕ್ತಿ ಅಂತಾರೆ. ಮತ್ತೆ ತೊಂದರೆ ಏನು?

ತೂಕದ ಲೆಕ್ಕ ನಿಜ: 1 ಕೆ.ಜಿ. ಹೈಡ್ರೋಜನ್ನಿನಲ್ಲಿ 120 ಮೆಗಾಜೂಲ್, ಡೀಸೆಲ್ಲಿನಲ್ಲಿ ಸುಮಾರು 43. ತೊಂದರೆ ಇರುವುದು ಜಾಗದಲ್ಲಿ. ಮಾಮೂಲಿ ಒತ್ತಡದಲ್ಲಿ 1 ಕೆ.ಜಿ. ಹೈಡ್ರೋಜನ್ 12 ಘನ ಮೀಟರ್ ಹಿಡಿಯುತ್ತದೆ, ಅಂದರೆ ಒಂದು ಚಿಕ್ಕ ಕೋಣೆಯ ಅರ್ಧದಷ್ಟು. ಆದ್ದರಿಂದ ಒತ್ತಿ ತುಂಬಲೇಬೇಕು.

ಕಾರ್ಖಾನೆಗಳಲ್ಲಿ ನಿಲ್ಲಿಸಿರುವ ಉದ್ದನೆಯ ಉಕ್ಕಿನ ಸಿಲಿಂಡರನ್ನು ನೋಡಿ. 47 ಲೀಟರ್ ಜಾಗದಲ್ಲಿ 150 ಬಾರ್ ಒತ್ತಡ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು) ತುಂಬಿದರೂ ಒಳಗಿರುವುದು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು ಅಷ್ಟೆ, ಅದನ್ನು ಹಿಡಿದಿಡುವ ಉಕ್ಕು 50 ಕೆ.ಜಿ. ಮೀರಿದ್ದು. ಮನೆಯ 14.2 ಕೆ.ಜಿ. ಅಡುಗೆ ಸಿಲಿಂಡರಿಗೆ ಸಮನಾಗಲು ಇಂಥ ಹತ್ತು ಬೇಕು. ಕಾರುಗಳಲ್ಲಿ ಪ್ಲಾಸ್ಟಿಕ್ ಒಳಪದರದ ಮೇಲೆ ಕಾರ್ಬನ್ ನಾರು ಸುತ್ತಿದ ಟ್ಯಾಂಕಿನಲ್ಲಿ 700 ಬಾರ್ ತುಂಬುತ್ತಾರೆ. ಅಲ್ಲಿಯೂ ಟ್ಯಾಂಕಿನ ತೂಕದ ಶೇ. 6ರಷ್ಟು ಮಾತ್ರ ಇಂಧನ, ಮತ್ತು ಆ ನಾರೇ ಟ್ಯಾಂಕಿನ ಬೆಲೆಯ ದೊಡ್ಡ ಪಾಲು.

ಅಡುಗೆ ಗ್ಯಾಸಿಗಿಂತ ಇದು ಅಪಾಯಾನಾ?

ಅಪಾಯದ ಬಗೆಯೇ ಬೇರೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಚರಂಡಿ, ಮೂಲೆಗಳಲ್ಲಿ ಕೂರುತ್ತದೆ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ, ಬಯಲಿನಲ್ಲಿ ಸೋರಿದರೆ ಮೇಲೇರಿ ಚದುರಿಹೋಗುತ್ತದೆ. ಇದು ಅದರ ಒಳ್ಳೆಯ ಗುಣ. ಕೆಟ್ಟ ಗುಣವೆಂದರೆ ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟೇ ಬೆರೆತರೂ ಹೊತ್ತಿಕೊಳ್ಳುತ್ತದೆ. ಅಡುಗೆ ಅನಿಲಕ್ಕೆ ಈ ವ್ಯಾಪ್ತಿ ಶೇ. 2ರಿಂದ 9.5 ಮಾತ್ರ. ಹೊತ್ತಲು ಬೇಕಾದ ಕಿಡಿ 0.02 ಮಿಲಿಜೂಲ್. ನೈಲಾನ್ ಬಟ್ಟೆ ಬಿಚ್ಚುವಾಗ ಚಟ್ಟೆನ್ನುವ ಕಿಡಿ ಅದಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ಹೈಡ್ರೋಜನ್ ಇರುವ ಕಡೆ “ಕಿಡಿ ಇಲ್ಲದಂತೆ ನೋಡಿಕೊಳ್ಳುತ್ತೇವೆ” ಎಂಬ ಮಾತಿನ ಮೇಲೆ ಭರವಸೆ ಇಡುವಂತಿಲ್ಲ. ಸೋರಬಾರದು, ಸೋರಿದರೂ ನಿಲ್ಲಬಾರದು: ವಿನ್ಯಾಸವೆಲ್ಲ ಈ ಎರಡರ ಸುತ್ತಲೇ.

## ಪೈಪು, ಶೆಡ್ಡು, ಉರಿ

ವಾಸನೇನೂ ಇಲ್ಲ, ಉರೀನೂ ಕಾಣಲ್ಲ ಅಂತಾರೆ. ಲೀಕ್ ಆದ್ರೆ ಗೊತ್ತಾಗೋದು ಹೆಂಗೆ?

ಅಡುಗೆ ಅನಿಲಕ್ಕೆ ಬೆರೆಸುವ ಗಬ್ಬುವಾಸನೆಯ ರಾಸಾಯನಿಕದಲ್ಲಿ ಗಂಧಕವಿದೆ. ಅದನ್ನೇ ಇದಕ್ಕೂ ಬೆರೆಸಿದರೆ, ಹೈಡ್ರೋಜನ್ನನ್ನು ಉರಿಸದೆ ಕರೆಂಟು ಮಾಡುವ ಫ್ಯುಯೆಲ್ ಸೆಲ್ಲಿನ ಪ್ಲಾಟಿನಂ ಕೆಡುತ್ತದೆ, ಆದ್ದರಿಂದ ಮೂಗನ್ನು ನಂಬುವ ದಾರಿ ಮುಚ್ಚಿದೆ. ಜಾಯಿಂಟುಗಳನ್ನು ಸೋಪಿನ ನೀರು ಹಚ್ಚಿ ನೋಡುವುದು ಇಲ್ಲೂ ನಡೆಯುತ್ತದೆ. ಶಾಶ್ವತ ಕಾವಲಿಗೆ ಸೆನ್ಸರ್ ಬೇಕು, ಅದನ್ನು ಚಾವಣಿಯ ಅತಿ ಎತ್ತರದ ಬಿಂದುವಿನಲ್ಲೇ ಕೂರಿಸಬೇಕು. ಸಾಮಾನ್ಯವಾಗಿ ಗಾಳಿಯಲ್ಲಿ ಶೇ. 0.4 ಆದಾಗ ಅಲಾರಂ, ಶೇ. 1 ಆದಾಗ ವಾಲ್ವ್ ತಾನೇ ಮುಚ್ಚುವಂತೆ ಹೊಂದಿಸುತ್ತಾರೆ. ವೇಗವರ್ಧಕ ಬಳಸುವ ಸೆನ್ಸರಿನ ಹತ್ತಿರ ಸಿಲಿಕಾನ್ ಸೀಲೆಂಟ್, ಸಿಲಿಕಾನ್ ಸ್ಪ್ರೇ ಬಳಸಬೇಡಿ. ಅದರ ಆವಿಗೆ ಸೆನ್ಸರ್ ಸದ್ದಿಲ್ಲದೆ ಸಾಯುತ್ತದೆ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಹೊತ್ತಿಕೊಂಡ ಸೋರಿಕೆ ಇನ್ನೂ ಮೋಸದ್ದು. ಹಗಲಿನಲ್ಲಿ ಆ ಉರಿ ಕಣ್ಣಿಗೆ ಬೀಳದು, ಕಾವೂ ದೂರಕ್ಕೆ ತಟ್ಟದು, ಆದರೆ ಉರಿಯ ಶಾಖ 2000 ಡಿಗ್ರಿ ಮುಟ್ಟುತ್ತದೆ. ಹಳೆಯ ಉಪಾಯವೊಂದಿದೆ: ಉದ್ದ ಹಿಡಿಯ ಒಣ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ನಿಧಾನ ಹೆಜ್ಜೆ ಹಾಕುವುದು. ಕಡ್ಡಿಗಳ ತುದಿ ಇದ್ದಕ್ಕಿದ್ದಂತೆ ಹೊತ್ತಿ ಕೆಂಪಗಾದ ಕಡೆ ಉರಿ ಇದೆ ಎಂದರ್ಥ. ಸುಸಜ್ಜಿತ ಘಟಕಗಳಲ್ಲಿ ಈ ಕೆಲಸಕ್ಕೆ ನೇರಳಾತೀತ ಬೆಳಕು ಗುರುತಿಸುವ ಫ್ಲೇಮ್ ಡಿಟೆಕ್ಟರ್ ಇರುತ್ತದೆ. ಉರಿ ಕಂಡರೆ ಮೊದಲು ಗ್ಯಾಸ್ ಮುಚ್ಚಿ. ಗ್ಯಾಸ್ ಬರುತ್ತಿರುವಾಗಲೇ ಉರಿ ಆರಿಸಿದರೆ ಸೋರಿದ್ದು ಕೂಡಿಕೊಂಡು ಆಮೇಲೆ ಒಮ್ಮೆಗೇ ಸ್ಫೋಟವಾಗುತ್ತದೆ.

ಸಿಲಿಂಡರ್ ಇಡೋ ಶೆಡ್ಡು ಹೆಂಗಿರಬೇಕು?

ಆರ್‌ಸಿಸಿ ಚಾವಣಿಯ ಕೋಣೆ ಅತಿ ಕೆಟ್ಟ ಆಯ್ಕೆ. ತೊಲೆಗಳ ನಡುವಿನ ಚೌಕಗಳಲ್ಲಿ ಹೈಡ್ರೋಜನ್ ಬೋರಲು ಹಾಕಿದ ಬಟ್ಟಲಲ್ಲಿ ಸಿಕ್ಕಂತೆ ನಿಲ್ಲುತ್ತದೆ. ಇಳಿಜಾರು ಶೀಟು, ನೆತ್ತಿಯುದ್ದಕ್ಕೂ ತೆರೆದ ಕಿಂಡಿ, ಕೆಳಗೆ ಗಾಳಿ ಒಳಬರಲು ಜಾಗ, ಸಾಧ್ಯವಾದರೆ ಮೂರು ಕಡೆ ಬಯಲು. ಬಲ್ಬು, ಸ್ವಿಚ್ಚು, ಫ್ಯಾನು ಸ್ಫೋಟನಿರೋಧಕ ಮಾದರಿಯವೇ ಆಗಿರಲಿ, ಇಲ್ಲವೇ ಹೊರಗಿರಲಿ. ಸಂಗ್ರಹಕ್ಕೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. ಶೆಡ್ಡು ಕಟ್ಟಿ ಆಮೇಲೆ ಅನುಮತಿ ಕೇಳುವ ಬದಲು ನಕ್ಷೆಯ ಹಂತದಲ್ಲೇ ಹೋಗಿ.

ಹೊಸ ಲೈನಿಗೆ ಮೊದಲ ಸಲ ಗ್ಯಾಸ್ ಬಿಡೋ ಕ್ರಮ ಏನು?

ಪೈಪಿನೊಳಗೆ ಗಾಳಿ ಇದೆ ಎಂಬುದನ್ನು ಮರೆತವರಿಗೇ ಅನಾಹುತ ಆಗುವುದು. ಮೊದಲು ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ ಮಾಡಿ, ಗೇಜಿನ ಮುಳ್ಳು ಇಳಿಯದಿರುವುದನ್ನು ಖಚಿತಪಡಿಸಿಕೊಳ್ಳಿ. ಕೊನೆಯ ಪರೀಕ್ಷೆಗೆ ಹೀಲಿಯಂ ಒಳ್ಳೆಯದು. ನೈಟ್ರೋಜನ್ ಹಿಡಿದ ಜಾಯಿಂಟು ಹೈಡ್ರೋಜನ್ನನ್ನು ಬಿಡಬಹುದು. ಬಳಿಕ ಗಾಳಿ ಹೊರದೂಡಬೇಕು. ನೈಟ್ರೋಜನ್ನನ್ನು ಗೇಜಿನಲ್ಲಿ 5 ಬಾರ್ (ಹೊರಗಿನ ಗಾಳಿಯ 1 ಬಾರ್ ಸೇರಿ 6) ತನಕ ತುಂಬಿ ಪೂರ್ತಿ ಬಿಡಿ. ಪ್ರತಿ ಸುತ್ತಿಗೂ ಒಳಗಿನ ಆಮ್ಲಜನಕ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ: 21, 3.5, 0.6, 0.1, ನಾಲ್ಕನೆಯ ಸುತ್ತಿಗೆ ಶೇ. 0.02ಕ್ಕೂ ಕಡಿಮೆ. ಕವಲು ಪೈಪಿನ ಕುರುಡು ತುದಿಗಳಿದ್ದರೆ ಅಲ್ಲಿಯೂ ವಾಲ್ವ್ ತೆರೆದು ಬಿಡಬೇಕು. ಇದಾದ ಮೇಲಷ್ಟೇ ಹೈಡ್ರೋಜನ್. ರಿಪೇರಿಗೆ ಬಿಚ್ಚುವ ಮೊದಲೂ ಹೀಗೆಯೇ, ಆಗ ಹೊರದೂಡಬೇಕಾದದ್ದು ಹೈಡ್ರೋಜನ್.

ನಲ್ಲಿ ಕೆಲಸದ ಚೂಪು ಚೂಡಿಗೆ (ತುದಿಯತ್ತ ಕಿರಿದಾಗುವ ಥ್ರೆಡ್ಡಿಗೆ) ಟೆಫ್ಲಾನ್ ಟೇಪು ಸುತ್ತುವ ಪದ್ಧತಿ ಹೆಚ್ಚಿನ ಒತ್ತಡಕ್ಕೆ ಸಲ್ಲದು. ಎಲ್ಲಿ ಆಗುತ್ತದೋ ಅಲ್ಲಿ ವೆಲ್ಡಿಂಗ್, ಬಿಚ್ಚಲೇಬೇಕಾದ ಕಡೆ ಎರಡು ಫೆರೂಲ್ (ಪೈಪನ್ನು ಕಚ್ಚಿ ಹಿಡಿಯುವ ಲೋಹದ ಉಂಗುರ) ಇರುವ ಫಿಟ್ಟಿಂಗ್.

ಕಬ್ಬಿಣವನ್ನೇ ತಿಂದುಬಿಡುತ್ತಂತೆ, ಹೌದಾ?

ತುಕ್ಕಿನಂತೆ ತಿನ್ನುವುದಿಲ್ಲ, ಒಳಗಿನಿಂದ ಪೆಡಸು ಮಾಡುತ್ತದೆ. ಉಕ್ಕಿನ ಮೈ ಮೇಲೆ ಹೈಡ್ರೋಜನ್ ಅಣು ಎರಡು ಪರಮಾಣುಗಳಾಗಿ ಒಡೆಯುತ್ತದೆ. ಆ ಪುಟ್ಟ ಪರಮಾಣು ಲೋಹದೊಳಗೆ ನುಸುಳಿ ಬಿರುಕಿನ ತುದಿಯಲ್ಲಿ, ಹರಳುಗಳ ಅಂಚಿನಲ್ಲಿ ಸೇರಿಕೊಳ್ಳುತ್ತದೆ. ಬಗ್ಗಬೇಕಾದ ಉಕ್ಕು ಬಗ್ಗದೆ ಪಟ್ಟನೆ ಸೀಳುತ್ತದೆ. ಒತ್ತಡ ಏರಿಳಿಯುವ ಕಡೆ ಬಿರುಕು ಹತ್ತು ಪಟ್ಟಿಗೂ ವೇಗವಾಗಿ ಬೆಳೆಯುವುದುಂಟು.

ವೆಲ್ಡಿಂಗ್ ಕೆಲಸದವರಿಗೆ ಇದು ಹೊಸ ಸಂಗತಿಯಲ್ಲ. 7018 ರಾಡನ್ನು ಒಲೆಯಲ್ಲಿ 300 ಡಿಗ್ರಿಗೂ ಮೇಲೆ ಕಾಯಿಸಿ ಬಳಸುವುದು ಇದೇ ಕಾರಣಕ್ಕೆ. ರಾಡಿನ ಲೇಪಕ್ಕೆ ತೇವ ಹಿಡಿದಿದ್ದರೆ ಆ ನೀರಿನ ಹೈಡ್ರೋಜನ್ ಬೆಸುಗೆಗೆ ಇಳಿದು, ಸಂಜೆ ಚೆನ್ನಾಗಿದ್ದ ಜಾಯಿಂಟು ಮರುದಿನ ಬಿರುಕು ಬಿಟ್ಟಿರುತ್ತದೆ. ಹೈಡ್ರೋಜನ್ ಪೈಪಿನಲ್ಲಿ ಅದೇ ತೊಂದರೆ ದಿನದಿನವೂ.

ಉಕ್ಕು ಗಟ್ಟಿಯಾದಷ್ಟೂ ಅಪಾಯ ಹೆಚ್ಚು. “ಗಟ್ಟಿ ಇರಲಿ” ಎಂದು 12.9 ದರ್ಜೆಯ ಬೋಲ್ಟನ್ನು ಹೈಡ್ರೋಜನ್ ತಾಗುವ ಕಡೆ ಹಾಕುವುದು ದೊಡ್ಡ ತಪ್ಪು. 316ಎಲ್ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒಳ್ಳೆಯ ಆಯ್ಕೆಗಳು. 200 ಡಿಗ್ರಿ ದಾಟಿದ ಜಾಗಗಳಲ್ಲಿ ಬೇರೊಂದು ಕೇಡು ಸೇರಿಕೊಳ್ಳುತ್ತದೆ: ಉಕ್ಕಿನ ಇಂಗಾಲದೊಡನೆ ಹೈಡ್ರೋಜನ್ ಕೂಡಿ ಮೀಥೇನ್ ಆಗಿ ಒಳಗೊಳಗೇ ಗುಳ್ಳೆ ಕಟ್ಟುತ್ತದೆ. ಅಲ್ಲಿಗೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು ಬೇಕು.

ಮನೆಗೆ ಬರೋ ಪೈಪ್ ಗ್ಯಾಸಿಗೆ ಬೆರೆಸಿ ಕೊಟ್ರೆ ಆಗಲ್ವಾ?

ಸ್ವಲ್ಪ ಬೆರೆಸಬಹುದು. ಗುಜರಾತಿನ ಕವಾಸ್‌ನಲ್ಲಿ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿ 2023ರಿಂದ ತನ್ನ ವಸತಿ ಬಡಾವಣೆಗೆ ಹೀಗೆ ಕೊಟ್ಟಿದೆ. ಆದರೆ ಗಾತ್ರದಲ್ಲಿ ಶೇ. 20 ಬೆರೆಸಿದರೂ ಶಕ್ತಿಯಲ್ಲಿ ಅದರ ಪಾಲು ಶೇ. 7 ಮಾತ್ರ. ಹೊರಬೀಳುವ ಇಂಗಾಲದ ಡೈಆಕ್ಸೈಡೂ ಅಷ್ಟೇ ಕಡಿಮೆಯಾಗುತ್ತದೆ.

ಮಂಡಕ್ಕಿ ಭಟ್ಟಿಗೆ ಹೈಡ್ರೋಜನ್ ಉರಿ ಹಾಕಿದ್ರೆ ಹೊಗೆ ಕಾಟ ತಪ್ಪುತ್ತಲ್ಲ?

ಹೊಗೆ ತಪ್ಪುವುದು ನಿಜ, ಭಟ್ಟಿಯ ಮುಂದೆ ದಿನವಿಡೀ ಕೂರುವವರ ಎದೆಗೆ ಅದು ಸಣ್ಣ ವಿಷಯವಲ್ಲ. ಆದರೆ ಬರ್ನರ್ ಪೂರ್ತಿ ಬದಲಾಗಬೇಕು. ಹೈಡ್ರೋಜನ್ ಉರಿ ಮೀಥೇನ್ ಉರಿಗಿಂತ ಐದಾರು ಪಟ್ಟು ವೇಗವಾಗಿ ಓಡುತ್ತದೆ. ಹಳೆಯ ಬರ್ನರಿನ ತೂತಿನಿಂದ ಒಳಕ್ಕೇ ನುಗ್ಗುತ್ತದೆ. ಮೀಥೇನ್ ಉರಿ ತಣಿದು ಆರುವ 2 ಮಿ.ಮೀ. ಸಂದಿಯಲ್ಲಿ ಇದು ಆರಾಮಾಗಿ ದಾಟುತ್ತದೆ, ಇದನ್ನು ತಡೆಯಲು 0.6 ಮಿ.ಮೀ. ಬೇಕು. ಮಸಿ ಕಣಗಳಿಲ್ಲದ ಉರಿಯಾದ್ದರಿಂದ ಝಳವೂ ಕಡಿಮೆ, ಮರಳು ಕಾಯುವ ರೀತಿ ಬದಲಾಗುತ್ತದೆ.

ಅದಕ್ಕೂ ಮಿಗಿಲಾಗಿ ಯೂನಿಟ್ಟಿನ ಲೆಕ್ಕ ನೋಡಿ. 1 ಕೆ.ಜಿ. ಹೈಡ್ರೋಜನ್ ಮಾಡಲು 55 ಯೂನಿಟ್ ಕರೆಂಟು ಬೇಕು, ಉರಿಸಿದರೆ ಬರುವ ಶಾಖ 33 ಯೂನಿಟ್. ಅದೇ 55 ಯೂನಿಟ್ಟನ್ನು ನೇರವಾಗಿ ಹೀಟರಿಗೆ ಕೊಟ್ಟರೆ 55 ಯೂನಿಟ್ ಶಾಖವೂ ನಿಮ್ಮದೇ. ಮಂಡಕ್ಕಿಗೆ ಬೇಕಾದ ಕಾವು ಕರೆಂಟಿನ ಒಲೆ ಕೊಡಬಲ್ಲದ್ದು. ಇಲ್ಲಿ ಹೈಡ್ರೋಜನ್ ಬೇಡ.

## ಗಾಡಿ, ಲಾರಿ

ಈಗಿರೋ ಡೀಸೆಲ್ ಎಂಜಿನ್‌ಗೇ ಹೈಡ್ರೋಜನ್ ಬಿಟ್ರೆ ಓಡುತ್ತಾ?

ಹಾಗೆಯೇ ಬಿಟ್ಟರೆ ಓಡದು. ಡೀಸೆಲ್ ತನ್ನಷ್ಟಕ್ಕೆ ಹೊತ್ತಲು 250 ಡಿಗ್ರಿ ಒಳಗೆ ಸಾಕು, ಹೈಡ್ರೋಜನ್ನಿಗೆ 500 ದಾಟಬೇಕು. ಸ್ಪಾರ್ಕ್ ಪ್ಲಗ್ ಬೇಕು, ಇಲ್ಲವೇ ಸ್ವಲ್ಪ ಡೀಸೆಲ್ ಚಿಮ್ಮಿಸಿ ಹೊತ್ತಿಸಬೇಕು. ವಿಚಿತ್ರವೆಂದರೆ ತಾನಾಗಿ ಹೊತ್ತಲು ಇಷ್ಟು ಬಿಗುಮಾನ ತೋರುವ ಅನಿಲವೇ ಸಣ್ಣ ಕಿಡಿಗೆ, ಕಾದ ಎಗ್ಸಾಸ್ಟ್ ವಾಲ್ವಿಗೆ, ಕೆಂಪಗಾದ ಮಸಿ ಚೂರಿಗೆ ಅಕಾಲದಲ್ಲಿ ಹೊತ್ತಿಬಿಡುತ್ತದೆ. ವಾಲ್ವ್ ತೆರೆದಿರುವಾಗಲೇ ಹೊತ್ತಿದರೆ ಉರಿ ಮ್ಯಾನಿಫೋಲ್ಡಿಗೆ ಹಾರುತ್ತದೆ. ಮ್ಯಾನಿಫೋಲ್ಡಿನಲ್ಲೇ ಬೆರೆಸಿದರೆ ಅಲ್ಲಿಯ ಜಾಗದ ಶೇ. 30ರಷ್ಟನ್ನು ಹೈಡ್ರೋಜನ್ ತಾನೇ ತುಂಬಿ, ಗಾಳಿ ಕಡಿಮೆಯಾಗಿ ಎಳೆತ ಕುಗ್ಗುತ್ತದೆ. ಅದಕ್ಕೇ ಹೊಸ ವಿನ್ಯಾಸಗಳು ವಾಲ್ವ್ ಮುಚ್ಚಿದ ಮೇಲೆ ಸಿಲಿಂಡರಿನೊಳಗೇ ಚಿಮ್ಮಿಸುತ್ತವೆ. ಬೇಕಾದ್ದಕ್ಕಿಂತ ಎರಡು ಪಟ್ಟು ಗಾಳಿ ಕೊಟ್ಟು ತೆಳುವಾಗಿ ಉರಿಸಿದರೆ ನೈಟ್ರೋಜನ್ ಆಕ್ಸೈಡುಗಳೂ ಹತೋಟಿಯಲ್ಲಿರುತ್ತವೆ.

ಮೆಕ್ಯಾನಿಕ್ಕಿಗೆ ಎರಡು ಮಾತು: ಪಿಸ್ಟನ್ ರಿಂಗು ದಾಟಿ ಆಯಿಲ್ ಸಂಪಿಗೆ ಇಳಿಯುವ ಹೈಡ್ರೋಜನ್ನಿಗೆ ಹೊರದಾರಿ ಇರಲೇಬೇಕು. ಉರಿದಾಗ ಹುಟ್ಟುವ ನೀರು ಆಯಿಲ್ಲಿಗೆ ಸೇರಿ ಹಾಲಿನಂತಾಗುತ್ತದೆ, ಮಾಮೂಲಿ ಆಯಿಲ್ ತಡೆಯದು.

ಫ್ಯುಯೆಲ್ ಸೆಲ್ ಲಾರಿ ನಮ್ಮ ಬಿಸಿಲು, ಧೂಳಿಗೆ ತಡ್ಕೊಳ್ಳುತ್ತಾ?

ಇದು ಸರಿಯಾದ ಪ್ರಶ್ನೆ. ಡೀಸೆಲ್ ಎಂಜಿನ್ನಿನ ಶಾಖದ ದೊಡ್ಡ ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ. ಫ್ಯುಯೆಲ್ ಸೆಲ್ಲಿನದು ಹೆಚ್ಚುಕಡಿಮೆ ಪೂರ್ತಿ ರೇಡಿಯೇಟರ್ ಮೂಲಕವೇ ಹೋಗಬೇಕು, ಮತ್ತು ಅದರ ನೀರು 80 ಡಿಗ್ರಿ ಮೀರುವಂತಿಲ್ಲ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಇದ್ದರೆ ನಡುವಿನ ಅಂತರ ಬರೀ 40. ಹಾಗಾಗಿ ಲೋಡ್ ಹೊತ್ತು ಏರು ಹತ್ತುವಾಗ ಮೊದಲು ಸೋಲುವುದು ರೇಡಿಯೇಟರ್, ಕಂಪ್ಯೂಟರ್ ತಾನೇ ಎಳೆತ ಇಳಿಸುತ್ತದೆ. ಒಳಗಿನ ಪೊರೆ ತೇವವಾಗಿದ್ದರೆ ಮಾತ್ರ ಕೆಲಸ. ಒಣ ಬೇಸಿಗೆ ಗಾಳಿಗೆ ತೇವ ಬೆರೆಸಿ ಕೊಡಬೇಕು.

ಕೂಲೆಂಟ್ ವಿಷಯದಲ್ಲಿ ಎಚ್ಚರ. ಅದು ವಿದ್ಯುತ್ ಹರಿಯುವ ಫಲಕಗಳ ನಡುವೆಯೇ ಓಡುವುದರಿಂದ ಉಪ್ಪಿನಂಶ ಇಲ್ಲದ ವಿಶೇಷ ದ್ರವವಾಗಿರಬೇಕು. ದಾರಿಯಲ್ಲಿ ಕಡಿಮೆಯಾಯಿತೆಂದು ಮಾಮೂಲಿ ಹಸಿರು ಕೂಲೆಂಟನ್ನೋ ನಲ್ಲಿ ನೀರನ್ನೋ ಸುರಿದರೆ ಒಳಗೆ ಕರೆಂಟು ಸೋರಿ ಗಾಡಿ ನಿಲ್ಲುತ್ತದೆ. ಗಾಳಿ ಫಿಲ್ಟರಿನಲ್ಲಿ ಧೂಳು ತಡೆಯುವ ಪದರದ ಜೊತೆಗೆ ಗಂಧಕದ ಹೊಗೆ, ಅಮೋನಿಯಾ ಹೀರುವ ಇದ್ದಿಲಿನ ಪದರವೂ ಇರುತ್ತದೆ. ಊದಿ ಸ್ವಚ್ಛ ಮಾಡಿದರೆ ಧೂಳು ಹೋಗಬಹುದು, ಇದ್ದಿಲು ಹೊಸದಾಗದು. ಇಂಧನದಲ್ಲಿ ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ 0.2 ಪಾಲು ಮೀರಬಾರದು, ಕೈಗಾರಿಕಾ ಸಿಲಿಂಡರಿನ ಹೈಡ್ರೋಜನ್ ಎಲ್ಲವೂ ಆ ದರ್ಜೆಯದಲ್ಲ.

ದಾವಣಗೆರೆಯಿಂದ ಬೆಂಗಳೂರಿಗೆ ಒಂದು ಟ್ರಿಪ್ಪಿಗೆ ಎಷ್ಟು ಹೈಡ್ರೋಜನ್ ಬೇಕು?

ದೂರ ಸುಮಾರು 260 ಕಿ.ಮೀ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿಗೆ 65 ಲೀಟರ್ ಡೀಸೆಲ್. ಡೀಸೆಲ್ ಎಂಜಿನ್ ದಕ್ಷತೆ ಶೇ. 40, ಫ್ಯುಯೆಲ್ ಸೆಲ್ ಲಾರಿಯದು ಶೇ. 50 ಎಂದು ಹಿಡಿದರೆ 15.6 ಕೆ.ಜಿ. ಹೈಡ್ರೋಜನ್ ಬೇಕು. 350 ಬಾರಿನಲ್ಲಿ ಅದಕ್ಕೆ 650 ಲೀಟರ್ ಜಾಗ, 700 ಬಾರಿನಲ್ಲಿ 390 ಲೀಟರ್. ಟ್ಯಾಂಕುಗಳ ತೂಕವೇ 250–300 ಕೆ.ಜಿ. ಆ ಹೈಡ್ರೋಜನ್ ಮಾಡಲು ಬೇಕಾದ ಕರೆಂಟು ಸುಮಾರು 860 ಯೂನಿಟ್, ಒತ್ತಿ ತುಂಬಲು ಕೆ.ಜಿ.ಗೆ ಇನ್ನೂ ಮೂರ್ನಾಲ್ಕು ಯೂನಿಟ್. ಅದೇ ಕೆಲಸವನ್ನು ಬ್ಯಾಟರಿ ಲಾರಿ 300 ಯೂನಿಟ್ ಚಿಲ್ಲರೆಯಲ್ಲಿ ಮುಗಿಸುತ್ತದೆ. ಈ ದೂರಕ್ಕೆ ಬ್ಯಾಟರಿಯೇ ಲೇಸು. ದಿನಕ್ಕೆ 800 ಕಿ.ಮೀ. ಓಡಬೇಕು, ಚಾರ್ಜಿಗೆ ನಿಲ್ಲುವಂತಿಲ್ಲ, ಲೋಡೂ ಬಿಡುವಂತಿಲ್ಲ ಎಂಬಲ್ಲಿ ಮಾತ್ರ ಹೈಡ್ರೋಜನ್ನಿನ ಪರ ವಾದ ನಿಲ್ಲುತ್ತದೆ.

ಅಡುಗೆ ಸಿಲಿಂಡರ್ ಗ್ಯಾಸ್ ಬಿಟ್ರೆ ತಣ್ಣಗಾಗುತ್ತೆ. ಹೈಡ್ರೋಜನ್ ತುಂಬುವಾಗ ಟ್ಯಾಂಕ್ ಬಿಸಿಯಾಗೋದು ಯಾಕೆ?

ಅಡುಗೆ ಸಿಲಿಂಡರಿನೊಳಗೆ ದ್ರವ ಆವಿಯಾಗುತ್ತದೆ, ಅದಕ್ಕೇ ತಂಪು. ಇಲ್ಲಿ ಮೂರ್ನಾಲ್ಕು ನಿಮಿಷದಲ್ಲಿ ಅನಿಲವನ್ನು ಒತ್ತಿ ತುಂಬುವುದರಿಂದ, ಸೈಕಲ್ ಪಂಪಿನ ತಳ ಬಿಸಿಯಾದಂತೆ ಟ್ಯಾಂಕ್ ಕಾಯುತ್ತದೆ. ಜೊತೆಗೆ ಕೋಣೆಯ ಶಾಖದಲ್ಲಿ ಹೈಡ್ರೋಜನ್ ಕಿರಿದಾದ ವಾಲ್ವ್ ದಾಟಿ ಹಿಗ್ಗುವಾಗಲೂ ತುಸು ಬಿಸಿಯಾಗುತ್ತದೆ, ಮಿಕ್ಕ ಬಹುತೇಕ ಅನಿಲಗಳಿಗೆ ತದ್ವಿರುದ್ಧ. ಕಾರ್ಬನ್ ಟ್ಯಾಂಕಿನ ಮಿತಿ 85 ಡಿಗ್ರಿ. ಆದ್ದರಿಂದ 700 ಬಾರ್ ಬಂಕುಗಳಲ್ಲಿ ಅನಿಲವನ್ನು ಮೈನಸ್ 40 ಡಿಗ್ರಿ ಹತ್ತಿರಕ್ಕೆ ತಂಪು ಮಾಡಿ ತುಂಬುತ್ತಾರೆ. ಈ ಶೀತಕ ಯಂತ್ರ ನಮ್ಮ ಬೇಸಿಗೆಯಲ್ಲಿ ಹೆಚ್ಚು ಹೆಣಗುತ್ತದೆ, ಮತ್ತು ಗಾಳಿಯ ತೇವ ನಳಿಕೆಯ ಬಾಯಲ್ಲಿ ಹಿಮಗಟ್ಟಿ ನಳಿಕೆ ಗಾಡಿಗೆ ಅಂಟಿಕೊಳ್ಳುವ ಕಾಟವೂ ಇದೆ.

## ತಯಾರಿಕೆ ಮತ್ತು ಸಾಗಾಣಿಕೆ

ಜೋಗಿಮಟ್ಟಿ ಕಡೆ ಇಷ್ಟು ಗಾಳಿಯಂತ್ರ ಇದಾವೆ. ಇಲ್ಲೇ ಹೈಡ್ರೋಜನ್ ಮಾಡಬಹುದಲ್ಲ?

ಮಾಡಬಹುದು. ದಿನಕ್ಕೆ 1 ಟನ್ ಘಟಕಕ್ಕೆ 55,000 ಯೂನಿಟ್, ಅಂದರೆ ಹಗಲುರಾತ್ರಿ ಬಿಡದೆ 2.3 ಮೆಗಾವ್ಯಾಟ್. ವರ್ಷದ ಸರಾಸರಿಯಲ್ಲಿ ಯಂತ್ರದ ಸಾಮರ್ಥ್ಯದ ಶೇ. 30 ಸಿಗುತ್ತದೆ ಎಂದುಕೊಂಡರೆ 2 ಮೆಗಾವ್ಯಾಟಿನ ನಾಲ್ಕು ಗಾಳಿಯಂತ್ರ. ಆದರೆ ಸರಾಸರಿ ಎಂಬುದು ಕಾಗದದ ಮೇಲಿನ ಮಾತು. ಮುಂಗಾರಿನಲ್ಲಿ ಬೀಸುವಷ್ಟು ಗಾಳಿ ಮಾರ್ಚಿನಲ್ಲಿ ಇರದು.

ನೀರು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹಳೆಯ ಮಾದರಿಗೆ ಕರೆಂಟು ಅದರ ಸಾಮರ್ಥ್ಯದ ಶೇ. 20–30ಕ್ಕಿಂತ ಕೆಳಗಿಳಿದರೆ ಅಪಾಯ. ಹುಟ್ಟುವ ಆಮ್ಲಜನಕ ಕಡಿಮೆಯಾಗುತ್ತದೆ, ನಡುವಿನ ಪರದೆ ದಾಟಿ ಸೋರುವ ಹೈಡ್ರೋಜನ್ ಮಾತ್ರ ಅಷ್ಟೇ ಇರುತ್ತದೆ. ಆಮ್ಲಜನಕದಲ್ಲಿ ಹೈಡ್ರೋಜನ್ ಶೇ. 2 ಮುಟ್ಟಿದರೆ ಯಂತ್ರ ನಿಲ್ಲಿಸಲೇಬೇಕು, ಶೇ. 4ಕ್ಕೆ ಸ್ಫೋಟದ ಗಡಿ. ದ್ರಾವಣದ ಬದಲು ತೆಳು ಪೊರೆ ಬಳಸುವ ಮಾದರಿ ಗಾಳಿಯ ಏರಿಳಿತಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಇರಿಡಿಯಂ, ಪ್ಲಾಟಿನಂ ಬೇಕು. ಯೂನಿಟ್ಟಿಗೆ 5 ರೂಪಾಯಿ ಎಂದು ಹಿಡಿದರೂ ಕೆ.ಜಿ.ಗೆ ಕರೆಂಟಿನ ಖರ್ಚೇ 275 ರೂಪಾಯಿ. ಯಂತ್ರ ವರ್ಷದಲ್ಲಿ ಅರ್ಧ ಕಾಲ ಸುಮ್ಮನೆ ನಿಂತರೆ ಬಂಡವಾಳದ ಹೊರೆ ಅದರ ಮೇಲೆ.

ಬೋರ್ ನೀರು ಹಾಕಿದ್ರೆ ನಡೆಯುತ್ತಾ?

ನೇರ ಹಾಕಿದರೆ ಯಂತ್ರ ಕೆಡುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೊರೆಯೊಳಗೆ ಹೈಡ್ರೋಜನ್ ಅಯಾನು ಓಡಾಡುವ ಜಾಗಗಳನ್ನು ಆಕ್ರಮಿಸಿ ಕೂರುತ್ತವೆ, ವೋಲ್ಟೇಜ್ ದಿನೇ ದಿನೇ ಏರುತ್ತದೆ. ಪೊರೆಯ ಮಾದರಿಗೆ ನೀರಿನ ವಾಹಕತೆ ಸೆಂ.ಮೀ.ಗೆ 1 ಮೈಕ್ರೋಸೀಮೆನ್ಸ್ ಒಳಗಿರಬೇಕು, ಬೋರ್ ನೀರಿನದು ಸಾವಿರ ದಾಟುವುದು ಸಾಮಾನ್ಯ. ಮರಳು ಫಿಲ್ಟರ್, ಆರ್‌ಒ, ಆಮೇಲೆ ಅಯಾನು ತೆಗೆಯುವ ರಾಳ: ಈ ಕ್ರಮ.

ರಸಾಯನಶಾಸ್ತ್ರದ ಪ್ರಕಾರ 1 ಕೆ.ಜಿ.ಗೆ 9 ಲೀಟರ್ ಸಾಕು. ಆರ್‌ಒ ಹೊರಚೆಲ್ಲುವ ನೀರು, ತಂಪು ಮಾಡುವ ನೀರು ಸೇರಿ 20–30 ಲೀಟರ್ ಆಗುತ್ತದೆ. ದಿನಕ್ಕೆ 1 ಟನ್ ಎಂದರೆ 5,000 ಲೀಟರಿನ ಟ್ಯಾಂಕರು ನಾಲ್ಕರಿಂದ ಆರು. ಫ್ಲೋರೈಡ್ ಕಾಟವಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಂದು ಮಾತು ಮುಖ್ಯ: ಆರ್‌ಒ ಹೊರಬಿಡುವ ನೀರಿನಲ್ಲಿ ಆ ಫ್ಲೋರೈಡ್ ಮೂರ್ನಾಲ್ಕು ಪಟ್ಟು ಗಾಢವಾಗಿರುತ್ತದೆ. ಅದನ್ನು ಹಳ್ಳಕ್ಕೆ ಬಿಡುವುದು ಊರಿನ ಬಾವಿಗೇ ಬಿಟ್ಟಂತೆ. ಆವಿ ಮಾಡಿ ಉಪ್ಪು ಬೇರ್ಪಡಿಸುವ ಖರ್ಚನ್ನು ಯೋಜನೆಯಲ್ಲೇ ಸೇರಿಸಬೇಕು.

ದ್ರವ ಮಾಡಿ ಟ್ಯಾಂಕರಲ್ಲಿ ತಂದ್ರೆ ಜಾಗ ಉಳಿಯುತ್ತಲ್ಲ?

ಉಳಿಯುತ್ತದೆ, ಲೀಟರಿಗೆ 71 ಗ್ರಾಂ ಹಿಡಿಯುತ್ತದೆ. ಆದರೆ ಮೈನಸ್ 253 ಡಿಗ್ರಿಗೆ ಇಳಿಸಲು ಕೆ.ಜಿ.ಗೆ 10–13 ಯೂನಿಟ್ ಬೇಕು, ಒಳಗಿನ ಶಕ್ತಿಯ ಮೂರನೇ ಒಂದು ಪಾಲು.

ಇಲ್ಲೊಂದು ಸೂಕ್ಷ್ಮವಿದೆ. ಹೈಡ್ರೋಜನ್ ಅಣುವಿನ ಎರಡು ಬೀಜಗಳ ಗಿರಕಿ ಒಂದೇ ದಿಕ್ಕಿಗಿದ್ದರೆ ಆರ್ಥೋ, ವಿರುದ್ಧವಿದ್ದರೆ ಪ್ಯಾರಾ. ಕೋಣೆಯ ಶಾಖದಲ್ಲಿ ಮುಕ್ಕಾಲು ಪಾಲು ಆರ್ಥೋ, ದ್ರವದ ಶಾಖದಲ್ಲಿ ಹೆಚ್ಚುಕಡಿಮೆ ಎಲ್ಲವೂ ಪ್ಯಾರಾ ಆಗಬೇಕು. ಈ ಬದಲಾವಣೆ ದಿನಗಟ್ಟಲೆ ನಿಧಾನವಾಗಿ ನಡೆದು ಕೆ.ಜಿ.ಗೆ 527 ಕಿಲೋಜೂಲ್ ಶಾಖ ಬಿಡುತ್ತದೆ. ದ್ರವ ಆವಿಯಾಗಲು ಬೇಕಾದದ್ದು 446 ಮಾತ್ರ. ಅಂದರೆ ಹೊರಗಿನಿಂದ ಒಂದು ಹನಿ ಶಾಖ ನುಗ್ಗದಿದ್ದರೂ ಟ್ಯಾಂಕರಿನ ಸರಕು ತನ್ನ ಒಳಗಿನ ಕಾವಿಗೇ ಆವಿಯಾಗಿ ಹೋಗುತ್ತದೆ. ಆದ್ದರಿಂದ ತಂಪು ಮಾಡುವ ಹಂತದಲ್ಲೇ ಕಬ್ಬಿಣದ ಆಕ್ಸೈಡಿನ ವೇಗವರ್ಧಕದ ಮೇಲೆ ಹಾಯಿಸಿ ಪ್ಯಾರಾ ಮಾಡಿಬಿಡುತ್ತಾರೆ.

ಭತ್ತದ ಹೊಟ್ಟು, ಮೆಕ್ಕೆಜೋಳದ ದಿಂಡಿನಿಂದ ತೆಗೀಬಹುದಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಆಮ್ಲಜನಕ ಮತ್ತು ಹಬೆಯೊಡನೆ ಜೀವರಾಶಿಯನ್ನು ಅನಿಲವಾಗಿಸಿ, 1 ಕೆ.ಜಿ.ಗೆ ಸುಮಾರು 100 ಗ್ರಾಂ ಹೈಡ್ರೋಜನ್ ತೆಗೆದು ತೋರಿಸಿದ್ದಾರೆ. ಅದರಲ್ಲಿ ಒಂದು ಪಾಲು ಹಬೆಯಿಂದಲೇ ಬಂದದ್ದು. ದಿಂಡು ಇದಕ್ಕೆ ಒಳ್ಳೆಯ ಸರಕು. ಹೊಟ್ಟಿನಲ್ಲಿ ಶೇ. 15–20 ಬೂದಿ, ಅದೂ ಬಹುಪಾಲು ಸಿಲಿಕಾ. ಶಾಖ ಹೆಚ್ಚಾದರೆ ಕರಗಿ ಕಿಟ್ಟ ಕಟ್ಟಿ ಒಲೆಯ ಜಾಲರಿ ಮುಚ್ಚುತ್ತದೆ. ಟಾರು ಪೈಪಿನಲ್ಲಿ ಅಂಟುವುದು ಇನ್ನೊಂದು ತಲೆನೋವು. ಅಕ್ಕಿ ಗಿರಣಿಗಳ ಬಾಯ್ಲರುಗಳು ಹೊಟ್ಟನ್ನು ಈಗಾಗಲೇ ಉರಿಸುತ್ತಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂಗಾದ್ರೆ ನಮಗೆ ಇದರಿಂದ ಏನು ಪ್ರಯೋಜನ?

ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾ ಚೀಲ ತೆಗೆದುಕೊಳ್ಳಿ. 45 ಕೆ.ಜಿ. ಚೀಲಕ್ಕೆ 25.5 ಕೆ.ಜಿ. ಅಮೋನಿಯಾ, ಆ ಅಮೋನಿಯಾಕ್ಕೆ 4.5 ಕೆ.ಜಿ. ಹೈಡ್ರೋಜನ್ ಬೇಕು. ಇಲ್ಲಿ ಅದರ ಬದಲಿಗೆ ಕರೆಂಟನ್ನೋ ಬ್ಯಾಟರಿಯನ್ನೋ ಇಡಲಾಗದು. ಹೈಡ್ರೋಜನ್ ಸರಕಿನೊಳಗೇ ಸೇರಿಹೋಗುತ್ತದೆ. ಇಂದು ಅದು ಬರುವುದು ನೈಸರ್ಗಿಕ ಅನಿಲದಿಂದ, ಆ ಅನಿಲದ ದೊಡ್ಡ ಪಾಲು ಹೊರದೇಶದ್ದು. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಸಿಕ್ಕಾಗ ಗೊಬ್ಬರ, ತೈಲ ಸಂಸ್ಕರಣೆ, ಉಕ್ಕು ಮುಂದೆ ನಿಂತದ್ದಕ್ಕೆ ಕಾರಣ ಇದೇ. ಲಾರಿ, ಭಟ್ಟಿಗಿಂತ ಮೊದಲು ಹಸಿರು ಹೈಡ್ರೋಜನ್ ಹೋಗಬೇಕಾದ ಜಾಗ ಇದು.

ಅಲ್ಲೂ ಒಂದು ತೊಡಕು ಉಂಟು. ಅಮೋನಿಯಾ ಯೂರಿಯಾ ಆಗಲು ಚೀಲಕ್ಕೆ 33 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೇಕು. ಇವತ್ತಿನ ಕಾರ್ಖಾನೆಯಲ್ಲಿ ಅದು ನೈಸರ್ಗಿಕ ಅನಿಲದಿಂದ ತಾನಾಗಿ ಬರುತ್ತದೆ. ಹೈಡ್ರೋಜನ್ನನ್ನು ನೀರಿನಿಂದ ತೆಗೆದರೆ ಅದೇ ಇರುವುದಿಲ್ಲ. ಸಿಮೆಂಟ್ ಗೂಡಿನಿಂದಲೋ ಎಥನಾಲ್ ಘಟಕದಿಂದಲೋ ಹಿಡಿದು ತರಬೇಕು. ಇಂಗಾಲ ಬೇಡದ ಅಮೋನಿಯಂ ಸಲ್ಫೇಟ್‌ನಂಥ ಗೊಬ್ಬರಗಳಿಗೆ ಈ ತೊಡಕಿಲ್ಲ.